ಶಾಸಕರೇ, ನಮಗೂ ಒಂದು ಬ್ಲಾಕ್ ಬಿಟ್ಟುಕೊಡಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರ ಸರ್ಕಾರಿ ಈಜುಕೊಳದ ನಿಯಮಗಳು ನಿಮಗೆ ಗೊತ್ತೇ ಇವೆ. ಗೇಟಿನ ಪಕ್ಕದ ಬೋರ್ಡಿನಲ್ಲಿ ಒಂದು ಸಾಲಿದೆ: '18 ವರ್ಷ ಮೇಲ್ಪಟ್ಟವರು ಸ್ಟಾರ್ಟಿಂಗ್ ಬ್ಲಾಕ್ ಬಳಸುವಂತಿಲ್ಲ'. ಸ್ಟಾರ್ಟಿಂಗ್ ಬ್ಲಾಕ್ ಅಂದರೆ ಸ್ಪರ್ಧೆ ಶುರುವಾಗುವಾಗ ಈಜುವವರು ಹತ್ತಿ ನಿಂತು ನೀರಿಗೆ ಹಾರುವ ಕಟ್ಟೆ. ಈ ಪತ್ರ ಬೋರ್ಡಿನ ಆ ಒಂದು ಸಾಲಿನ ಬಗ್ಗೆ. ವರ್ಷಗಟ್ಟಲೆ ಮ್ಯಾನೇಜರ್ ಹತ್ತಿರ ಕೇಳಿದೆವು. ಮೇಲಿನವರನ್ನು ಕೇಳಿ ಅಂದರು. ಮೇಲಿನವರಿಗೆ ಅರ್ಜಿ ಕೊಟ್ಟರೆ, ಅದು ಮ್ಯಾನೇಜರ್ ಮಟ್ಟದಲ್ಲೇ ಆಗುವ ಕೆಲಸ ಅಂದರು. ಓಡಾಡಿ ಸಾಕಾಗಿದೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ನಿಮಗೆ ಬರೆಯುತ್ತಿದ್ದೇನೆ.

ನಾವು ಕೇಳುತ್ತಿರುವುದು ಜಾಸ್ತಿ ಏನಲ್ಲ. ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಒಂದೇ ಒಂದು ಲೇನಿನ ಬ್ಲಾಕನ್ನು ದೊಡ್ಡವರಿಗೂ ಬಿಡಿ. ಕೋಚ್ ಎದುರಿಗೇ ಡೈವ್ ಮಾಡುತ್ತೇವೆ.

ದೊಡ್ಡವರಿಗೆ ಬ್ಲಾಕ್ ಯಾಕೆ ಅಂತ ಕೇಳುವವರಿದ್ದಾರೆ. ಮಾಸ್ಟರ್ಸ್ ಈಜು ಅಂತ ದೊಡ್ಡವರ ಸ್ಪರ್ಧೆ ಒಂದಿದೆ, ಸಾರ್. 25 ವರ್ಷ ವಯಸ್ಸಿನಿಂದ ಶುರು. 25ರಿಂದ 29, 30ರಿಂದ 34, ಹೀಗೆ ಐದೈದು ವರ್ಷಕ್ಕೊಂದು ಗುಂಪು. ಎಂಬತ್ತು ದಾಟಿದವರೂ ಈಜುತ್ತಾರೆ. 1986ರಲ್ಲಿ ಟೋಕಿಯೊದಲ್ಲಿ ಇದರ ಮೊದಲ ವಿಶ್ವ ಕೂಟ ನಡೆಯಿತು, 2025ರಲ್ಲಿ ಸಿಂಗಪುರದಲ್ಲಿ ನಡೆಯಿತು. ನಮ್ಮ ರಾಜ್ಯದಲ್ಲೂ ಕೂಟಗಳಾಗುತ್ತವೆ, ಮಂಗಳೂರಿನ ಎಮ್ಮೆಕೆರೆ ಈಜುಕೊಳದಲ್ಲಿ ರಾಷ್ಟ್ರೀಯ ಕೂಟವೇ ಆಗಿದೆ. ಅಲ್ಲೆಲ್ಲ ಬ್ಲಾಕ್ ಹತ್ತಿ ನೀರಿಗೆ ಹಾರಬೇಕು. ಅದರ ಅಭ್ಯಾಸ ಮಾತ್ರ ನಮಗೆ ನಮ್ಮೂರಲ್ಲಿ ಸಿಗುವುದಿಲ್ಲ.

ನನ್ನ ಕಥೆ ಹೇಳಿಬಿಡುತ್ತೇನೆ. ಬ್ಯಾಂಕ್ ಕೆಲಸ, ಮನೆ, ಮಕ್ಕಳ ಓದು, ಇದರ ನಡುವೆ ಬೆಳಗಿನ ಬ್ಯಾಚ್ ಒಂದನ್ನು ಬಿಡದೆ ಹಿಡಿದುಕೊಂಡವಳು ನಾನು. ಕಳೆದ ಮಾಸ್ಟರ್ಸ್ ಕೂಟಕ್ಕೆ 50 ಮೀಟರ್ ಫ್ರೀಸ್ಟೈಲ್‌ಗೆ ಹೆಸರು ಕೊಟ್ಟೆ. ಉದ್ದ ಸೀಟಿ ಊದಿದರು, ಬ್ಲಾಕ್ ಹತ್ತಿದೆ. ನೀರಿನಿಂದ ಮುಕ್ಕಾಲು ಮೀಟರ್ ಎತ್ತರ ಅಂದರೆ ಕೆಳಗಿಂದ ನೋಡುವವರಿಗೆ ಏನೂ ಅಲ್ಲ. ಮೇಲೆ ನಿಂತು ಬಗ್ಗಿದರೆ ಗೊತ್ತಾಗುತ್ತದೆ. ಮುಂದಿನ ಕಾಲಿನ ಬೆರಳು ಅಂಚನ್ನು ಹಿಡಿಯಬೇಕು, ಹಿಂದಿನ ಕಾಲು ಇಳಿಜಾರು ಹಲಗೆಯ ಮೇಲೆ ಕೂರಬೇಕು, ಸೊಂಟ ಮೇಲಿರಬೇಕು. ಇದನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಲಿತಿದ್ದೆ. ಬೇರೆ ದಾರಿ ಎಲ್ಲಿತ್ತು? ಸಿಗ್ನಲ್ ಆಯಿತು, ಹಾರಿದೆ. ಹೊಟ್ಟೆ ನೀರಿಗೆ ಬಡಿಯಿತು. ಗಾಗಲ್ಸ್ ಬಾಯಿಗೆ ಜಾರಿತು. ಉಸಿರು ಸಿಕ್ಕಿಹಾಕಿಕೊಂಡಿತು. ತಲೆ ಎತ್ತಿ ನೋಡುವಷ್ಟರಲ್ಲಿ ಪಕ್ಕದ ಲೇನಿನವರು ಮುಂದೆ ಹೋಗಿಯಾಗಿತ್ತು. ವರ್ಷವಿಡೀ ಪಟ್ಟ ಶ್ರಮ ಮೊದಲ ಎರಡು ಸೆಕೆಂಡಿನಲ್ಲೇ ನೀರುಪಾಲಾಯಿತು.

ಅದನ್ನಾದರೂ ಸಹಿಸಿಕೊಂಡೆ. ಟೀಚರಮ್ಮನಿಗೆ ಆದದ್ದನ್ನು ಸಹಿಸಲು ಆಗುತ್ತಿಲ್ಲ.

ಅವರು ನಿವೃತ್ತ ಶಾಲಾ ಶಿಕ್ಷಕಿ. ಅರವತ್ತು ದಾಟಿದೆ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವರು. ನಮ್ಮ ಬ್ಯಾಚಿನಲ್ಲಿ ಅವರಷ್ಟು ಚೆಂದ ಡೈವ್ ಮಾಡುವವರು ಇನ್ನೊಬ್ಬರಿಲ್ಲ. ಕೂಟಕ್ಕೆ ಮುಂಚೆ ಒಂದು ದಿನ, ಮಕ್ಕಳ ಕೋಚಿಂಗ್ ಮುಗಿದು ಕೊಳ ಖಾಲಿ ಇದ್ದಾಗ, ಕೋಚ್‌ಗೆ ಹೇಳಿಯೇ ಬ್ಲಾಕ್ ಹತ್ತಿದರು. ಒಂದೇ ಡೈವ್. ಲೈಫ್‌ಗಾರ್ಡ್ ಸೀಟಿ ಊದಿ ನೀರಿನಿಂದ ಹೊರಗೆ ಕರೆದ. ಮ್ಯಾನೇಜರ್ ಬಂದವರು ಟವೆಲ್ ತೆಗೆದುಕೊಳ್ಳಲೂ ಬಿಡಲಿಲ್ಲ. "ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಇದೆಲ್ಲ? ಸುಮ್ನೆ ಈಜಿ ಮನೆಗೆ ಹೋಗಿ" ಅಂತ ಎಲ್ಲರೆದುರು ಗದರಿದರು. ಅವರ ಪಾಸ್ ಕಿತ್ತುಕೊಂಡು ಒಂದು ತಿಂಗಳು ಬರಬೇಡಿ ಅಂದರು. ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆಯಲ್ಲಿ, ಎರಡೂ ಕೈ ಕಟ್ಟಿಕೊಂಡು ಅವರು ನಿಂತಿದ್ದರು. ಅವರ ಹತ್ತಿರ ಓದಿದ ಹುಡುಗರೇ ಅಲ್ಲಿ ಇಬ್ಬರಿದ್ದರು. ಕೊಳದ ಸಿಬ್ಬಂದಿಯಲ್ಲಿ ಒಬ್ಬರ ಬಾಯಲ್ಲೂ "ತಪ್ಪಾಯಿತು" ಅಂತ ಇವತ್ತಿನವರೆಗೆ ಬಂದಿಲ್ಲ. ಇದು ಯಾವ ಮರ್ಯಾದೆ, ಸಾರ್?

ಸುರಕ್ಷತೆಗಾಗಿ ಈ ನಿಯಮ ಅನ್ನುತ್ತಾರೆ. ಡೈವ್ ಅಪಾಯದ್ದು, ಒಪ್ಪುತ್ತೇನೆ. ಆಳ ಇಲ್ಲದ ಕಡೆ ತಲೆ ಕೆಳಗಾಗಿ ಹಾರಿದರೆ ಕತ್ತಿನ ಮೂಳೆ ಮುರಿದು ಜೀವನಪೂರ್ತಿ ಹಾಸಿಗೆ ಹಿಡಿಯಬೇಕಾಗಬಹುದು. ಅದಕ್ಕೇ ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮದಲ್ಲಿ ಬ್ಲಾಕ್ ಇರುವ ಕಡೆ ಗೋಡೆಯಿಂದ 1 ಮೀಟರಿನಿಂದ 6 ಮೀಟರಿನವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕು ಅಂತಿದೆ. ನಮ್ಮ ಕೊಳದ ಆ ತುದಿಯ ಗೋಡೆಯ ಮೇಲೆ 1.8 ಮೀಟರ್ ಅಂತ ದೊಡ್ಡದಾಗಿ ಬರೆದಿದೆ. ಹತ್ತು ವರ್ಷದ ಮಗುವಿಗೆ ಸಾಕಾಗುವ ಆಳ ಟೀಚರಮ್ಮನಿಗೆ ಸಾಲದೇ? ನಮ್ಮ ಮೈ ತೂಕ ಜಾಸ್ತಿ ಅನ್ನುವುದಾದರೆ ಕೋಚ್ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಲಿ. ಡೈವ್ ಬಾರದವರನ್ನು ಬ್ಲಾಕ್ ಹತ್ತಿಸುವುದೇ ಬೇಡ. ಆದರೆ ಬೋರ್ಡು ಡೈವ್ ಬರುತ್ತದಾ ಅಂತ ಕೇಳುವುದಿಲ್ಲ, ವಯಸ್ಸೆಷ್ಟು ಅಂತ ಮಾತ್ರ ಕೇಳುತ್ತದೆ.

ಈ ನಿಯಮದಿಂದ ಅಪಾಯ ಕಡಿಮೆಯೂ ಆಗಿಲ್ಲ. ಕೋಚ್ ಎದುರು ನಿಧಾನಕ್ಕೆ ಕಲಿಯಬೇಕಾದದ್ದನ್ನು ನಾವು ಕೂಟದ ದಿನ, ಗಾಬರಿಯಲ್ಲಿ, ಗುರುತಿಲ್ಲದ ಕೊಳದಲ್ಲಿ ಮೊದಲ ಸಲ ಮಾಡುತ್ತಿದ್ದೇವೆ.

ನೀರಿನೊಳಗಿಂದಲೇ ಶುರು ಮಾಡಬಹುದಲ್ವಾ ಅಂತ ಒಬ್ಬ ಅಧಿಕಾರಿ ನನಗೆ ಹೇಳಿದರು. ಮಾಡಬಹುದು. ಮಾಸ್ಟರ್ಸ್ ನಿಯಮದಲ್ಲಿ ಬ್ಲಾಕಿನಿಂದ, ಕೊಳದ ಅಂಚಿನಿಂದ, ಇಲ್ಲವೇ ನೀರಿನಲ್ಲೇ ಇದ್ದು ಗೋಡೆ ಒದ್ದು ಹೊರಡಲು ಅವಕಾಶ ಇದೆ. ಮಂಡಿ ನೋವಿರುವವರಿಗೆ, ಬೆನ್ನು ನೋವಿರುವವರಿಗೆ ಅದು ದೊಡ್ಡ ಅನುಕೂಲ. ಆದರೆ ಯಾವುದು ಬೇಕು ಅಂತ ಈಜುವವರು ಆರಿಸಿಕೊಳ್ಳಬೇಕು, ಮ್ಯಾನೇಜರ್ ಅಲ್ಲ.

ಮಕ್ಕಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದಿಂದ ಹೋದ ಇಬ್ಬರು ಈಜುಗಾರರು, ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು, ಇಬ್ಬರೂ ಬೆಂಗಳೂರಿನವರು. ಅವರ ಹಾಗೆ ನಮ್ಮೂರ ಮಕ್ಕಳೂ ಬೆಳೆಯಲಿ, ಬ್ಲಾಕ್ ಮೊದಲು ಅವರಿಗೇ ಸಿಗಲಿ. ಆದರೆ ಅವರು ಮನೆಗೆ ಹೋದ ಮೇಲೂ ಬ್ಲಾಕುಗಳಿಗೆ ಹಗ್ಗ ಕಟ್ಟಿ ಇಡುತ್ತಾರಲ್ಲ, ಅದು ಯಾರಿಗಾಗಿ? ನಮ್ಮ ತೆರಿಗೆಯಲ್ಲೇ ಕಟ್ಟಿದ ಕೊಳ, ಫೀಸೂ ನಮ್ಮದೇ. ಒಂದು ಬ್ಲಾಕಿನ ಹಗ್ಗ ಬಿಚ್ಚಲು ಇಷ್ಟೊಂದು ಬೇಡಬೇಕೇ?

ಮತ್ತೆ ಹೇಳುತ್ತೇನೆ. ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಒಂದು ಲೇನಿನ ಬ್ಲಾಕ್. ಕೋಚ್ ಪಾಸ್ ಮಾಡಿದವರಿಗೆ ಮಾತ್ರ. ಬೇಕಿದ್ದರೆ ಜವಾಬ್ದಾರಿ ನಮ್ಮದೇ ಅಂತ ಬರೆದುಕೊಡುತ್ತೇವೆ. ಬೋರ್ಡಿನ ಆ ಸಾಲನ್ನು ತಿದ್ದಿಸಿ. ಟೀಚರಮ್ಮನ ಪಾಸನ್ನು ಕಿತ್ತುಕೊಂಡವರೇ ಅವರ ಕೈಗೆ ವಾಪಸ್ ಕೊಟ್ಟು ಕ್ಷಮೆ ಕೇಳುವ ಹಾಗೆ ಮಾಡಿ. ಮುಂದಿನ ಕೂಟಕ್ಕೆ ಹೆಸರು ಕೊಡುವ ಸಮಯ ಹತ್ತಿರ ಬಂದಿದೆ, ಅದಕ್ಕೆ ಮುಂಚೆಯೇ ಇದು ಆಗಬೇಕು. ನೀವು ಒಂದು ದಿನ ಬೆಳಗ್ಗೆ ಆರೂವರೆಗೆ ಬಂದರೆ ಬ್ಲಾಕ್, ಬೋರ್ಡು, ಆಳ ಎಲ್ಲವನ್ನೂ ನಾವೇ ತೋರಿಸುತ್ತೇವೆ.

ಇಂತಿ,
ಬೆಳಗಿನ ಬ್ಯಾಚಿನ ಒಬ್ಬ ಈಜುಗಾರ್ತಿ