ಜಿಲ್ಲಾಧಿಕಾರಿಗಳೇ, ಸಂಜೆ ಹೊತ್ತಿಗೆ ಒಂದು ಕೋಣೆ ಬಾಡಿಗೆಗೆ ಕೊಡಿ

ಮಾನ್ಯ ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಜೂನ್ 26 ಬಂತೆಂದರೆ ಮಂಗಳೂರಿನಲ್ಲಿ ಮಾದಕ ವಸ್ತು ವಿರೋಧಿ ಜಾಥಾ ನಡೆಯುತ್ತದೆ. ಬ್ಯಾನರ್, ಪ್ರತಿಜ್ಞೆ, ಮರುದಿನ ಪೇಪರಿನಲ್ಲಿ ಫೋಟೋ. ಬೇಡ ಅನ್ನುವುದಿಲ್ಲ. ಆದರೆ ಆ ಪ್ರತಿಜ್ಞೆ ಇನ್ನೂ ಮುಟ್ಟದವರಿಗೆ. ಆಗಲೇ ಸಿಕ್ಕಿಬಿದ್ದು, ಹೇಗೋ ಬಿಟ್ಟು, ಇವತ್ತು ಸಂಜೆ ಎಲ್ಲಿಗೆ ಹೋಗಲಿ ಅಂತ ಕೇಳುವವರಿಗೆ ಅಲ್ಲಿ ಏನೂ ಇಲ್ಲ. ನನ್ನ ತಮ್ಮ ಅಂಥವರಲ್ಲಿ ಒಬ್ಬ.

ಅವನು ಚಿಕಿತ್ಸೆ ಮುಗಿಸಿ ಮನೆಗೆ ಬಂದಾಗ ಕೈಯಲ್ಲಿ ಮಾತ್ರೆಯ ಚೀಟಿ ಇತ್ತು. ಮತ್ತೆ ಯಾವಾಗ ತೋರಿಸಬೇಕೆಂಬ ತಾರೀಕೂ ಇತ್ತು. "ಮೀಟಿಂಗಿಗೆ ಹೋಗ್ತಾ ಇರಿ" ಎಂದು ಬಾಯಲ್ಲಿ ಹೇಳಿ ಕಳಿಸಿದರು. ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ? ಅದು ಚೀಟಿಯಲ್ಲಿ ಇರಲಿಲ್ಲ. ನೆಟ್ಟಿನಲ್ಲಿ ಸಿಕ್ಕಿದ ಒಂದು ವಿಳಾಸಕ್ಕೆ ಹೋದೆವು. ಗೇಟಿಗೆ ಬೀಗ. "ಅದು ಇಲ್ಲಿಂದ ಹೋಗಿ ತುಂಬ ಸಮಯ ಆಯ್ತಲ್ಲ ಮಾರಾಯ್ರೆ" ಎಂದರು ಪಕ್ಕದ ಅಂಗಡಿಯವರು. ಬಿಟ್ಟ ಹೊಸತರಲ್ಲಿ ಬೀಗ ಹಾಕಿದ ಗೇಟು ಸಣ್ಣ ವಿಷಯ ಅಲ್ಲ ಸಾರ್. ಹಳೆಯ ದೋಸ್ತಿಗಳು ಕೂರುವ ಜಾಗಕ್ಕೆ ಯಾವತ್ತೂ ಬೀಗ ಇರುವುದಿಲ್ಲ, ಅದರ ವಿಳಾಸ ಯಾರೂ ಹುಡುಕಬೇಕಾಗಿಯೂ ಇಲ್ಲ.

ಈ ಮೀಟಿಂಗ್ ಅಂದರೆ ಏನೆಂದು ಎರಡು ಮಾತು ಹೇಳಬೇಕು. ಯಾಕೆಂದರೆ ಎಷ್ಟೋ ಜನ ಇದನ್ನು ಭಾಷಣ ಅಂದುಕೊಂಡಿದ್ದಾರೆ, ಇಲ್ಲಾ ಭಜನೆ ಅಂದುಕೊಂಡಿದ್ದಾರೆ. ನಾರ್ಕೋಟಿಕ್ಸ್ ಅನಾನಿಮಸ್, ಹುಡುಗರ ಬಾಯಲ್ಲಿ ಎನ್‌ಎ, 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಕುಡಿತ ಬಿಟ್ಟವರ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಅದಕ್ಕಿಂತ ಹಳೆಯದು, 1935ರದ್ದು. ಇಲ್ಲಿ ಡಾಕ್ಟರಿಲ್ಲ, ಫೀಸಿಲ್ಲ, ಹಾಜರಿ ಪುಸ್ತಕ ಇಲ್ಲ. ಬಿಡಬೇಕು ಎಂಬ ಆಸೆ ಇದ್ದರೆ ಸಾಕು, ಯಾರು ಬೇಕಾದರೂ ಬರಬಹುದು. ಗಾಂಜಾವೋ ಎಂಡಿಎಂಎಯೋ ಎಂದು ಅಲ್ಲಿ ಲೆಕ್ಕ ಹಾಕುವುದಿಲ್ಲ. ಯಾವ ದೇವರು, ಯಾವ ಜಾತಿ ಅಂತಲೂ ಕೇಳುವುದಿಲ್ಲ.

ಮನೆಯವರನ್ನೂ ಒಳಗೆ ಬಿಡುವ ಓಪನ್ ಮೀಟಿಂಗಿಗೆ ನಾನು ಹೋಗಿ ಕೂತಿದ್ದೇನೆ. ಒಬ್ಬೊಬ್ಬರೇ "ನಾನೊಬ್ಬ ಅಡಿಕ್ಟ್" ಎಂದು ಶುರು ಮಾಡಿ ತಮ್ಮ ಕತೆ ಹೇಳುತ್ತಾರೆ. ಮಧ್ಯ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. (ನಮ್ಮೂರಿನಲ್ಲಿ ಇದೇ ಒಂದು ಪವಾಡ ಅಲ್ವಾ?) ಕೊನೆಗೆ ಹೊಸದಾಗಿ ಬಂದವರು ಯಾರಾದರೂ ಇದ್ದಾರಾ ಎಂದು ಕೇಳಿ ಒಂದು ಬಿಳಿ ಪ್ಲಾಸ್ಟಿಕ್ ಕೀ ಟ್ಯಾಗ್ ಕೊಡುತ್ತಾರೆ. 30 ದಿನ ಏನೂ ಮುಟ್ಟದೆ ಕ್ಲೀನ್ ಇದ್ದರೆ ಕಿತ್ತಳೆ ಬಣ್ಣದ್ದು. ತಮ್ಮ ಅದನ್ನು ಬೈಕಿನ ಕೀಗೆ ಸಿಕ್ಕಿಸಿಕೊಂಡ. ನೋಡಿದವರಿಗೆ ಅದು ಯಾವುದೋ ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಸಿಕ್ಕಿದ್ದು. ಕಿತ್ತಳೆ ಟ್ಯಾಗ್ ಸಿಕ್ಕ ರಾತ್ರಿ ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಇಂಗ್ಲಿಷ್ ಅಕ್ಷರ ಓದಲು ಬಾರದಿದ್ದರೂ.

ಈ ರೀತಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಮಾಡಿಕೊಂಡು ಒಟ್ಟಿಗೆ ಸೇರುತ್ತಾರೆ. ಬಿಟ್ಟವನ ಮಾತು ಬಿಡಬೇಕಾದವನಿಗೆ ನಾಟುತ್ತದೆ ಎಂಬುದು ಹಳ್ಳಿಯವರಿಗೂ ಗೊತ್ತು. ಡ್ರಗ್ಸ್ ಬಿಟ್ಟವರಿಗೆ ಮಾತ್ರ ಸೇರಲು ಒಂದು ಗಟ್ಟಿ ಜಾಗ ಇಲ್ಲ.

ಹಾಲ್ ಬಾಡಿಗೆಗೆ ಕೇಳಲು ಹೋದವರ ಪಾಡು ಕೇಳಿ. ಬಾಡಿಗೆ, ಹೊತ್ತು ಎಲ್ಲ ಒಪ್ಪಿಗೆಯಾಗುತ್ತದೆ. "ಯಾವ ಪ್ರೋಗ್ರಾಂ?" ಎಂದು ಕೇಳಿದಾಗ ನಿಜ ಹೇಳಿದರೆ ಮುಗಿಯಿತು. "ಸಮಿತಿಯವರತ್ರ ಕೇಳಿ ಫೋನ್ ಮಾಡ್ತೇವೆ" ಅನ್ನುತ್ತಾರೆ. ಆ ಫೋನ್ ಬರುವುದಿಲ್ಲ. ಹಾಗಾಗಿ ಮೀಟಿಂಗ್ ಆಗಾಗ ಜಾಗ ಬದಲಾಯಿಸುತ್ತದೆ, ಹೊಸಬ ಹಳೆ ಗೇಟಿನ ಮುಂದೆ ನಿಲ್ಲುತ್ತಾನೆ.

ಸಂಜೆ ಆರರ ನಂತರ ಈ ಊರಿನಲ್ಲಿ ಎಷ್ಟು ಸರ್ಕಾರಿ ಕೋಣೆಗಳು ಸುಮ್ನೆ ಮುಚ್ಚಿಕೊಂಡು ಇರುತ್ತವೆ! ಶಾಲೆ, ಗ್ರಂಥಾಲಯ, ಸಮುದಾಯ ಭವನ. ಅದರಲ್ಲಿ ಹಂಪನಕಟ್ಟೆ ಹತ್ತಿರ ಒಂದು, ಸುರತ್ಕಲ್‌ನಲ್ಲಿ ಒಂದು, ತೊಕ್ಕೊಟ್ಟಿನಲ್ಲಿ ಒಂದು ಕೊಡಿಸಿ. ಬಸ್ ಇಳಿದು ನಡೆದು ಹೋಗುವಷ್ಟು ಹತ್ತಿರ ಇರಲಿ. ವಾರಕ್ಕೆ ಒಂದೆರಡು ಸಂಜೆ, ಒಂದೂವರೆ ಗಂಟೆ. ಹದಿನೈದು ಕುರ್ಚಿ, ಫ್ಯಾನು, ಶೌಚಾಲಯದ ಕೀ. ಪುಕ್ಕಟೆ ಬೇಡ. ಕೊಟ್ಟರೂ ಅವರು ತೆಗೆದುಕೊಳ್ಳುವುದಿಲ್ಲ. ಹೊರಗಿನವರ ಹಣ ಮುಟ್ಟದೆ, ತಮ್ಮೊಳಗೇ ಚಂದಾ ಎತ್ತಿ ಖರ್ಚು ನೋಡಿಕೊಳ್ಳಬೇಕೆಂಬುದು ಅವರ ನಿಯಮ. ಕೈಗೆಟಕುವ ಬಾಡಿಗೆ ಗೊತ್ತು ಮಾಡಿ ರಸೀದಿ ಕೊಡಿ, ಸಾಕು. ಉದ್ಘಾಟನೆ, ದೀಪ ಬೆಳಗುವುದು, ಹೂಗುಚ್ಛ ಮಾತ್ರ ದಯವಿಟ್ಟು ಬೇಡ. ಫೋಟೋ ತೆಗೆಯುವ ಕಡೆಗೆ ಇವರು ಬರುವುದಿಲ್ಲ.

ಪೊಲೀಸರ ವಿಷಯವನ್ನೂ ಹೇಳಬೇಕು. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೂ ಅಪರಾಧ. ತಾನಾಗಿಯೇ ಚಿಕಿತ್ಸೆಗೆ ಬಂದವರಿಗೆ 64ಎ ಸೆಕ್ಷನ್ನಿನಲ್ಲಿ ರಕ್ಷಣೆ ಇದೆ. ಆದರೆ ಅದು ಹೇಳುವುದು ಆಸ್ಪತ್ರೆ ಮತ್ತು ಮಾನ್ಯತೆ ಇರುವ ಸಂಸ್ಥೆಗಳ ಬಗ್ಗೆ. ಇಂಥ ಕೂಟದ ಹೆಸರು ಅದರಲ್ಲಿಲ್ಲ. ಹಾಗಾಗಿ "ಅಲ್ಲಿ ಹೋದರೆ ನನ್ನ ಹೆಸರು ಸ್ಟೇಷನ್ನಿಗೆ ಹೋಗ್ತದಾ?" ಎಂದು ಹುಡುಗರು ಕೇಳುವುದು ಸುಳ್ಳು ಹೆದರಿಕೆ ಅಲ್ಲ. ಮಾರುವವರನ್ನು ಹಿಡಿಯಲಿ, ಖಂಡಿತ ಹಿಡಿಯಲಿ. ಮೀಟಿಂಗಿನ ಬಾಗಿಲಲ್ಲಿ ಕಾಯುವುದು, ಬಂದವರ ಪಟ್ಟಿ ಕೇಳುವುದು ಬೇಡ ಎಂದು ನೀವೂ ಪೊಲೀಸ್ ಕಮಿಷನರೂ ಬಾಯಿಬಿಟ್ಟು ಹೇಳಿದರೆ ಎಷ್ಟೋ ಜನ ಮೆಟ್ಟಿಲು ಹತ್ತುತ್ತಾರೆ. ಜಿಲ್ಲೆಯ ಮಾದಕ ವಸ್ತು ನಿಯಂತ್ರಣ ಸಮಿತಿಗೆ ನೀವೇ ಅಧ್ಯಕ್ಷರು, ಅಲ್ಲೇ ಈ ಮಾತು ಬರಲಿ.

ಇನ್ನು ಬೋರ್ಡ್. ವೆನ್ಲಾಕ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬಿಜೈ ಬಸ್ ನಿಲ್ದಾಣದಲ್ಲಿ ಮೀಟಿಂಗಿನ ಜಾಗ, ದಿನ, ಹೊತ್ತು ಕನ್ನಡದಲ್ಲಿ ಬರೆದು ಹಾಕಿಸಿ. ಕೆಳಗೆ ಚಟ ಬಿಡಿಸುವ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ತಿಂಗಳಿಗೊಮ್ಮೆ ಗುಂಪಿನವರಿಗೆ ಫೋನ್ ಮಾಡಿ ಜಾಗ ಅದೇ ಇದೆಯಾ ಎಂದು ಕೇಳುವ ಕೆಲಸವನ್ನು ಒಬ್ಬರಿಗೆ ವಹಿಸಿ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚೀಟಿಯಲ್ಲೂ ಅದೇ ನಾಲ್ಕು ಸಾಲು ಅಚ್ಚಾಗಲಿ. ಭಾಷೆಯ ಚಿಂತೆ ಬೇಡ. ಒಳಗೆ ತುಳು, ಬ್ಯಾರಿ, ಕೊಂಕಣಿ ಎಲ್ಲ ಓಡುತ್ತದೆ, ಅಳುವಾಗ ಯಾರೂ ಇಂಗ್ಲಿಷಿನಲ್ಲಿ ಅಳುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದೇ ಮಾತು. ಅವರೂ ಇದ್ದಾರೆ. ರಾತ್ರಿಯ ಮೀಟಿಂಗಿಗೆ ಅವರು ಬರಲಾರರು, ಭಾನುವಾರ ಬೆಳಿಗ್ಗೆ ಕೋಣೆ ಸಿಕ್ಕಿದರೆ ಬಂದಾರು.

ಕೋಣೆಗೆ ಅರ್ಜಿ ಬರೆದು ಕೊಡಲು ಗುಂಪಿನ ಇಬ್ಬರು ತಯಾರಿದ್ದಾರೆ. ಯಾವ ಕಚೇರಿಯ ಯಾವ ಟೇಬಲಿಗೆ ಕೊಡಬೇಕು ಎಂದು ತಿಳಿಸಿ. ಅರ್ಜಿಯಲ್ಲಿ ಪೂರ್ತಿ ಹೆಸರು, ಆಧಾರ್ ಕೇಳಬೇಡಿ ಎಂದು ಅಲ್ಲಿನವರಿಗೂ ಒಂದು ಮಾತು ಹೇಳಿಡಿ.

ಇಂತಿ,
ತಮ್ಮನ ಗುರುತು ಸಿಗಬಾರದೆಂದು ಹೆಸರು ಹಾಕದ ಒಬ್ಬ ಅಕ್ಕ
ಮಂಗಳೂರು