ದೇವರ ಚಿತ್ತ ಮತ್ತು ಕೈಯಲ್ಲಿರುವ ಕೆಲಸ

ಮಾನ್ಯ ಸಂಪಾದಕರೇ,

ವೃತ್ತಿ ಆಯ್ಕೆಯ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಸಂಬಳ, ಅವಕಾಶ ಮತ್ತು ಆಸಕ್ತಿಗಳನ್ನು ಚರ್ಚಿಸುತ್ತವೆ. ಕ್ರೈಸ್ತ ನಂಬಿಕೆಯಲ್ಲಿ ಬೆಳೆದ ಯುವಜನರನ್ನು ಇವುಗಳ ಜೊತೆಗೆ ‘ನಾನು ಈ ಕೆಲಸದಲ್ಲಿರುವುದು ದೇವರ ಚಿತ್ತವೇ?’ ಎಂಬ ಇನ್ನೊಂದು ಪ್ರಶ್ನೆಯೂ ಕಾಡುತ್ತದೆ. ಹಲವು ವರ್ಷ ಸಭೆಯ ಯುವಜನರೊಡನೆ ಒಡನಾಡಿರುವ ನನಗೆ ಆ ಪ್ರಶ್ನೆಯ ಪ್ರಾಮಾಣಿಕತೆಯಲ್ಲಿ ಯಾವ ಸಂಶಯವೂ ಇಲ್ಲ. ಆದರೆ ದೇವರು ತಮಗಾಗಿ ಒಂದೇ ಒಂದು ಹುದ್ದೆಯನ್ನು ಗುಟ್ಟಾಗಿ ಗೊತ್ತುಮಾಡಿಟ್ಟಿದ್ದಾನೆ, ಅದು ಸಿಗುವವರೆಗೆ ಬದುಕು ಶುರುವಾಗುವುದಿಲ್ಲ ಎಂದು ನಂಬಿ, ಸೂಚನೆಗಾಗಿ ಕಾಯುತ್ತಾ, ಕೈಯಲ್ಲಿರುವ ಕೆಲಸವನ್ನು ಅರೆಮನಸ್ಸಿನಿಂದ ಮಾಡುವವರನ್ನು ಕಂಡಾಗ ಸಂಕಟವಾಗುತ್ತದೆ.

ಇಂಥವರು ಹೆಚ್ಚಾಗಿ ನೆಚ್ಚಿಕೊಳ್ಳುವುದು ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನವನ್ನು. ತನ್ನ ಜನರ ವಿಷಯದಲ್ಲಿ ತನಗಿರುವುದು ಹಿತದ ಆಲೋಚನೆಗಳೇ ಎಂದು ದೇವರು ಹೇಳುವ ಮಾತು ಅದು. ಅದನ್ನು ಯಾರಿಗೆ ಬರೆದದ್ದು ಎಂದು ಕೇಳುವವರು ಕಡಿಮೆ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ತನ್ನ ನಾಡಿಗೆ ಸೆರೆಯೊಯ್ದ ಜನರಿಗೆ ಪ್ರವಾದಿ ಯೆರೆಮೀಯನು ಕಳುಹಿಸಿದ ಪತ್ರದಲ್ಲಿ ಆ ಮಾತಿದೆ. ಸೆರೆಯಾದವರಲ್ಲಿ ಅಧಿಕಾರಿಗಳಿದ್ದಂತೆ ಕುಶಲಕರ್ಮಿಗಳೂ ಕಮ್ಮಾರರೂ ಇದ್ದರು ಎಂದು ಅದೇ ಅಧ್ಯಾಯ ಹೇಳುತ್ತದೆ. ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುವುದೆಂದು ಹನನ್ಯನೆಂಬ ಸುಳ್ಳು ಪ್ರವಾದಿ ಸಾರಿದ್ದ. ಯೆರೆಮೀಯನು ಎಪ್ಪತ್ತು ವರ್ಷ ಎಂದ. ಅಂದರೆ ಆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಬಹುಮಂದಿ ಬಿಡುಗಡೆಯನ್ನು ಕಾಣದೆಯೇ ಕಣ್ಮುಚ್ಚಬೇಕಾಗಿತ್ತು. ಅಂಥವರಿಗೆ ದೇವರು ಹೇಳಿದ್ದೇನು? ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ಉಣ್ಣಿರಿ, ನೀವು ಸೆರೆಯಾಗಿ ಹೋಗಿರುವ ಆ ಊರಿನ ಕ್ಷೇಮವನ್ನೇ ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ. ತಾವಾಗಿ ಆರಿಸಿಕೊಳ್ಳದ ಊರಿನಲ್ಲಿ, ತಮ್ಮನ್ನು ಸೋಲಿಸಿದವರ ನಡುವೆ, ಅಂದಿನ ದಿನದ ಕೆಲಸವನ್ನು ಊರಿಗೆ ಒಳಿತಾಗುವಂತೆ ಮಾಡುವುದೇ ಅವರಿಗೆ ತಿಳಿಸಲಾದ ದೇವರ ಚಿತ್ತವಾಗಿತ್ತು. ಐದರಿಂದ ಏಳರವರೆಗಿನ ವಚನಗಳನ್ನು ಬಿಟ್ಟು ಹನ್ನೊಂದನೆಯದನ್ನು ಮಾತ್ರ ಗೋಡೆಗೆ ತೂಗುಹಾಕಿದರೆ ನಾವೂ ಹನನ್ಯನ ಕಡೆಗೇ ವಾಲಿದಂತಾಗುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. ದೇವರ ಸೇವೆ ಎಂದರೆ ಬೋಧಕನಾಗುವುದೇ ಎಂದು ತಿಳಿದಿದ್ದ ನಾನು, ಮನೆಯ ಹೊಣೆಯಿಂದಾಗಿ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದಾಗ ಎರಡನೇ ದರ್ಜೆಯ ವಿಶ್ವಾಸಿಯಾದೆನೆಂದು ಬಹಳ ಕಾಲ ಕೊರಗಿದೆ. ಒಮ್ಮೆ ಸರಕು ಬಾರದೆಯೇ ಬಂದಿದೆಯೆಂದು ತೋರಿಸುವ ಬಿಲ್ಲಿಗೆ ಸಹಿ ಹಾಕಲು ಮೇಲಿನವರು ಒತ್ತಾಯಿಸಿದರು. ಆ ರಾತ್ರಿ ಲೂಕನ ಸುವಾರ್ತೆಯ ಮೂರನೇ ಅಧ್ಯಾಯವನ್ನು ಓದಿದೆ. ತಾವೇನು ಮಾಡಬೇಕೆಂದು ಕೇಳಿದ ಸುಂಕದವರಿಗೆ ಸ್ನಾನಿಕ ಯೋಹಾನನು ಕೆಲಸ ಬಿಟ್ಟು ತನ್ನೊಂದಿಗೆ ಅಡವಿಗೆ ಬನ್ನಿರೆಂದು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚಾಗಿ ಏನೂ ಕೇಳಬೇಡಿರಿ ಎಂದ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಹಣ ಕೀಳದೆ ನಿಮಗೆ ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಜನ ಹಗೆಯಿಂದ ಕಾಣುತ್ತಿದ್ದ ವೃತ್ತಿಗಳ ನಡುವೆಯೂ ದೇವರಿಗೆ ಒಪ್ಪುವಂತೆ ನಡೆಯುವ ಒಂದು ದಾರಿಯಿದೆ ಎಂದು ಅವನು ತೋರಿಸಿಕೊಟ್ಟ. ಮರುದಿನ ನಾನು ಸಹಿ ಹಾಕಲಿಲ್ಲ. ಅದರಿಂದ ಬಡ್ತಿ ತಪ್ಪಿತು, ಆ ನೋವು ಸಣ್ಣದೇನೂ ಆಗಿರಲಿಲ್ಲ. ಆದರೆ ನನ್ನ ಮೇಜು ನನ್ನ ಸೇವೆಯ ಸ್ಥಳವೆಂಬುದು ಅಂದಿನಿಂದ ನನಗೆ ಖಚಿತವಾಯಿತು.

ಬೈಬಲಿನಲ್ಲಿ ಕೆಲಸವು ಪಾಪದ ಫಲವಲ್ಲ. ಮನುಷ್ಯನು ಏದೆನ್ ತೋಟವನ್ನು ವ್ಯವಸಾಯ ಮಾಡಿ ಕಾಯಬೇಕೆಂದು ದೇವರು ಅವನನ್ನು ಅಲ್ಲಿ ಇರಿಸಿದ್ದು ಆದಿಕಾಂಡದ ಎರಡನೇ ಅಧ್ಯಾಯದಲ್ಲಿ; ಪಾಪದ ಕಥೆ ಬರುವುದು ಮೂರನೆಯದರಲ್ಲಿ. ಇಸ್ರಾಯೇಲ್ಯರ ಆರಾಧನೆಯ ಡೇರೆಯಾದ ದೇವಗುಡಾರದ ಕುಸುರಿ ಕೆಲಸಕ್ಕಾಗಿ ಬೆಚಲೇಲನೆಂಬ ಕುಶಲಕರ್ಮಿಯನ್ನು ದೇವರು ತನ್ನ ಆತ್ಮದಿಂದ ತುಂಬಿಸಿದನೆಂದು ವಿಮೋಚನಕಾಂಡ ಹೇಳುತ್ತದೆ. ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯೊಡನೆ ಗುಡಾರ ಮಾಡುವ ಕಸುಬಿನಲ್ಲಿ ದುಡಿದ. ಯೇಸು ಸ್ವಾಮಿಯನ್ನು ಊರಿನವರು ಗುರುತಿಸಿದ್ದೇ ಬಡಗಿಯೆಂದು. ಕರೆ ಎಂದರೆ ಮಠಕ್ಕೂ ಗುರುಪಟ್ಟಕ್ಕೂ ಮೀಸಲಾದದ್ದೆಂಬ ಎಣಿಕೆಯನ್ನು 16ನೇ ಶತಮಾನದಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಪ್ರಶ್ನಿಸಿದರು. ಇಂದಿಗೂ ಜರ್ಮನ್ ಭಾಷೆಯಲ್ಲಿ ವೃತ್ತಿಗೆ ಬಳಸುವ ‘ಬೆರೂಫ್’ ಎಂಬ ಪದದೊಳಗೆ ಕರೆಯುವುದೆಂಬ ಅರ್ಥವೇ ಇದೆ. ಇಂಗ್ಲೆಂಡಿನ ಸಂಸತ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್ ಅವರು 1785ರಲ್ಲಿ ಮನಪರಿವರ್ತನೆ ಹೊಂದಿದಾಗ ರಾಜಕೀಯವನ್ನು ಬಿಡಬೇಕೇ ಎಂದು ತೊಳಲಾಡಿದರು. ಸಂಸತ್ತಿನಲ್ಲೇ ಉಳಿಯುವಂತೆ ಅವರನ್ನು ಪ್ರೋತ್ಸಾಹಿಸಿದ್ದು, ಹಿಂದೊಮ್ಮೆ ಗುಲಾಮರ ಹಡಗು ನಡೆಸಿ ಆಮೇಲೆ ಪಾದ್ರಿಯಾಗಿದ್ದ ಜಾನ್ ನ್ಯೂಟನ್. ಅಲ್ಲೇ ಉಳಿದ ವಿಲ್ಬರ್‌ಫೋರ್ಸ್ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದರು; ಬ್ರಿಟನ್ನಿನಲ್ಲಿ ಅದನ್ನು ನಿಷೇಧಿಸುವ ಕಾನೂನು 1807ರಲ್ಲಿ ಬಂತು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಯಾವ ಕೆಲಸವನ್ನಾದರೂ ಕರ್ತನಿಗೋಸ್ಕರ ಎಂಬಂತೆ ಮನಃಪೂರ್ವಕವಾಗಿ ಮಾಡಿರಿ ಎಂಬ ಕೊಲೊಸ್ಸೆಯವರಿಗೆ ಬರೆದ ಮಾತನ್ನು ಪೌಲನು ದಾಸರಿಗೆ ಹೇಳಿದ್ದು. ಅದನ್ನು ತೋರಿಸಿ ಕಡಿಮೆ ಕೂಲಿಗೆ, ಅವಮಾನಕ್ಕೆ ಸುಮ್ಮನಿರಿಸುವುದು ಅನ್ಯಾಯ. ಅದೇ ಪತ್ರ ಯಜಮಾನರಿಗೆ, ದಾಸರಿಗೆ ನ್ಯಾಯವಾದದ್ದನ್ನು ಕೊಡಿರಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಎನ್ನುತ್ತದೆ. ಆದ್ದರಿಂದ ಮನಸ್ಸಾಕ್ಷಿಯನ್ನು ಮಾರಿಕೊಳ್ಳಬೇಕಾದ ಕೆಲಸವನ್ನು ಬಿಡುವುದಾಗಲಿ, ದೇವರು ಕೊಟ್ಟ ವರಕ್ಕೆ ತಕ್ಕ ಬೇರೆ ಕೆಲಸ ಹುಡುಕುವುದಾಗಲಿ ಅಪನಂಬಿಕೆಯಲ್ಲ.

ಸಭಾಪಾಲಕರಲ್ಲಿ ನನ್ನದೊಂದು ವಿನಂತಿಯಿದೆ. ಸುವಾರ್ತಾಸೇವೆಗೆ ಹೊರಡುವವರನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಪದ್ಧತಿ ನಮ್ಮಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ದಾದಿಯನ್ನು, ಮೆಕ್ಯಾನಿಕ್‌ನನ್ನು, ಶಿಕ್ಷಕಿಯನ್ನು, ಗುಮಾಸ್ತನನ್ನು ಕೂಡ ಹಾಗೆಯೇ ಕರೆದು, ಅವರ ಕೆಲಸವನ್ನು ಹೆಸರಿಸಿ ಪ್ರಾರ್ಥಿಸಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ