ಬೇಡ ಎಂದು ಹೇಳಿದ್ದಕ್ಕೆ ಬಿಲ್ ಇಲ್ಲ

ಮಾನ್ಯ ಸಂಪಾದಕರೇ,

ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತೇನೆ ಎಂದ ತಕ್ಷಣ ಜನ ಕೇಳುವುದು ಎರಡೇ ಪ್ರಶ್ನೆ. ಡಿಸ್ಕೌಂಟ್ ಎಷ್ಟು ಸಿಗುತ್ತೆ? ಯಾವ ಯಾವ ಬೆಟ್ಟ ಹತ್ತಿದ್ದೀರಿ? ಡಿಸ್ಕೌಂಟ್ ಸಿಗುತ್ತದೆ, ಅದರ ಆಸೆಗೆ ಸಂಬಳದ ಒಂದು ಪಾಲು ಅದೇ ಅಂಗಡಿಗೆ ವಾಪಸ್ ಹೋಗುತ್ತದೆ ಅನ್ನುವುದು ಬೇರೆ ಮಾತು. ಬೆಟ್ಟದ ಸುದ್ದಿ ಮಾತ್ರ ಕೇಳಬೇಡಿ. ಬೆಟ್ಟ ಹತ್ತುವವರಿಗೆ ಬಿಡುವಿರುವುದು ಶನಿವಾರ, ಭಾನುವಾರ. ಸಾಮಾನು ಕೊಳ್ಳಲು ಬರುವುದೂ ಆಗಲೇ. ಆ ಎರಡು ದಿನ ನಾವು ಅಂಗಡಿಯೊಳಗೇ ಇರಬೇಕಲ್ವಾ?

ಕೆಲಸವನ್ನು ಬಯ್ಯಲು ಬರೆಯುತ್ತಿಲ್ಲ, ನನಗೆ ಇದು ಇಷ್ಟ. ಆದರೆ ಅಂಗಡಿಯವರು ಲೆಕ್ಕ ಹಾಕುವುದೇ ಒಂದು, ನಾವು ನಿಜವಾಗಿ ಮಾಡುವುದೇ ಇನ್ನೊಂದು.

ಬೂಟನ್ನೇ ತೆಗೆದುಕೊಳ್ಳಿ. ನಂಬರ್ ಕೇಳಿ ಡಬ್ಬ ತಂದುಕೊಟ್ಟರೆ ಮುಗಿಯಿತು ಎಂದು ಹೊರಗಿನವರಿಗೆ ಅನಿಸುತ್ತದೆ. ಹಾಗಲ್ಲ. ಗಿರಾಕಿಯನ್ನು ನಿಲ್ಲಿಸಿಯೇ ಪಾದ ಅಳೆಯಬೇಕು, ಏಕೆಂದರೆ ಮೈಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ಎರಡೂ ಕಾಲು ಅಳೆಯಬೇಕು, ಎಷ್ಟೋ ಜನರಿಗೆ ಒಂದು ಇನ್ನೊಂದಕ್ಕಿಂತ ದೊಡ್ಡದಿರುತ್ತದೆ. ಬೆಳಗ್ಗೆ ಸರಿಹೋದ ಬೂಟು ಸಂಜೆಗೆ ಬಿಗಿಯಾಗಬಹುದು, ದಿನವಿಡೀ ನಿಂತು ಓಡಾಡಿದರೆ ಪಾದ ಊದಿಕೊಳ್ಳುತ್ತದೆ. ಆಮೇಲೆ ಲೇಸ್ ಬಿಗಿದು, ಇಳಿಜಾರು ಹಲಗೆಯ ಮೇಲೆ ನಿಲ್ಲಿಸಿ ಕೆಳಕ್ಕೆ ನಡೆಸುತ್ತೇವೆ. ಬೆರಳು ಮುಂದಕ್ಕೆ ತಗುಲಿದರೆ ಆ ಬೂಟು ಬೇಡ. ಬೆಟ್ಟ ಇಳಿಯುವಾಗ ಉಗುರು ಕಪ್ಪಾಗುವುದು ಅದರಿಂದಲೇ. ಇಷ್ಟೆಲ್ಲ ಮಂಡಿಯೂರಿ ಮಾಡಿದ ಮೇಲೆ ಗಿರಾಕಿ ಡಬ್ಬದ ಮೇಲಿನ ನಂಬರಿನ ಫೋಟೋ ಹೊಡೆದುಕೊಂಡು 'ಯೋಚನೆ ಮಾಡಿ ಬರ್ತೀನಿ' ಎನ್ನುತ್ತಾರೆ. ಎಲ್ಲಿ ಆರ್ಡರ್ ಮಾಡುತ್ತಾರೆ ಎಂದು ನಮಗೂ ಗೊತ್ತು. ನಗುನಗುತ್ತಲೇ ಕಳಿಸುತ್ತೇವೆ.

ಇನ್ನು ಕೆಲವರು ಹಳೆಯ ಬೂಟು ಹಿಡಿದು ಜಗಳಕ್ಕೇ ಬರುತ್ತಾರೆ. ಅಟ್ಟದಲ್ಲಿ ವರ್ಷಗಟ್ಟಲೆ ಇಟ್ಟಿದ್ದೆವು, ಹಾಕೇ ಇಲ್ಲ, ಹೊಸದರ ಹಾಗೇ ಇತ್ತು, ಹಾಕಿದ ಮೊದಲ ದಿನವೇ ಬೂಟಿನ ಅಡಿ ಕಿತ್ತು ಬಂತು ಎಂದು. ಹಾಕದೆ ಇಟ್ಟರೂ ಅದು ಹಾಳಾಗುತ್ತದೆ ಸ್ವಾಮಿ. ಅನೇಕ ಬೂಟುಗಳ ಅಡಿಯ ಮೆತ್ತನೆ ಪದರ ಪಾಲಿಯುರೆಥೇನ್‌ನದು. ಗಾಳಿಯ ತೇವ ಕುಡಿಯುತ್ತಾ ಅದು ಒಳಗೊಳಗೇ ಪುಡಿಯಾಗುತ್ತದೆ. ಕಂಪನಿಯ ಮೋಸವೂ ಅಲ್ಲ, ನಮ್ಮ ಮೋಸವೂ ಅಲ್ಲ. ಇದನ್ನು ಸಿಟ್ಟಾದವರಿಗೆ ಸಮಾಧಾನವಾಗಿ ಹೇಳುವುದಿದೆಯಲ್ಲ, ಆ ಕೆಲಸ ಯಾವ ಪಟ್ಟಿಯಲ್ಲೂ ಇಲ್ಲ.

ಸ್ಲೀಪಿಂಗ್ ಬ್ಯಾಗಿನದು ಇದಕ್ಕಿಂತ ಗಂಭೀರ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗಿನ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಬೇರೆ ಬೇರೆ ಉಷ್ಣತೆ ಬರೆದಿರುತ್ತದೆ. ಜನರ ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕಡಿಮೆ ಇರುವ ಎಕ್ಸ್‌ಟ್ರೀಮ್. ಅಷ್ಟು ಚಳಿಯಲ್ಲಿ ಜೀವ ಉಳಿದೀತು, ನಿದ್ದೆ ಬಾರದು. ನೋಡಬೇಕಾದ್ದು ಕಂಫರ್ಟ್. ಅದನ್ನು ಹೇಳಿ, ನೆಲದ ಚಳಿ ತಡೆಯಲು ಕೆಳಗೆ ಒಳ್ಳೆಯ ಮ್ಯಾಟ್ ಬೇಕು ಎಂದರೆ 'ಇನ್ನೊಂದು ಸಾಮಾನು ತಗುಲಿಸ್ತಿದ್ದಾನೆ' ಎನ್ನುವ ಮುಖ ಮಾಡುತ್ತಾರೆ. ಅವರದೂ ತಪ್ಪಲ್ಲ. ಎಲ್ಲ ಅಂಗಡಿಗಳೂ ಸೇರಿ ಅವರಿಗೆ ಹಾಗೆ ಅನುಮಾನಿಸುವುದನ್ನು ಕಲಿಸಿವೆ.

ಮಳೆ ಜಾಕೆಟ್ ಸೋರುತ್ತಿದೆ, ಹೊಸದು ಕೊಡಿ ಎಂದು ಬರುವವರೂ ಉಂಟು. ಬಹಳ ಸಲ ಅದು ಸೋರುತ್ತಿರುವುದಿಲ್ಲ. ಹೊರಬಟ್ಟೆಯ ಮೇಲೆ ನೀರು ಹನಿಯಾಗಿ ಜಾರಿಹೋಗಲಿ ಎಂದು ಹಾಕಿರುವ ಲೇಪ ಕೊಳೆಯಿಂದ, ಬಳಕೆಯಿಂದ ಸವೆದಿರುತ್ತದೆ. ಆಗ ಬಟ್ಟೆ ನೀರು ಹೀರಿಕೊಂಡು ಬೆವರು ಹೊರಹೋಗದಂತೆ ಮಾಡುತ್ತದೆ, ಒಳಗೆಲ್ಲ ಒದ್ದೆ. ಲೇಬಲ್ ಓದಿ ಸರಿಯಾಗಿ ಒಗೆದು, ಹದವಾದ ಬಿಸಿಯಲ್ಲಿ ಒಣಗಿಸಿ, ಬೇಕಿದ್ದರೆ ಲೇಪವನ್ನು ಮತ್ತೆ ಹಾಕಿ ನೋಡಿ ಎನ್ನುತ್ತೇನೆ. ಅವರು ಖುಷಿಯಾಗಿ ಹೋಗುತ್ತಾರೆ. ನನ್ನ ಹೆಸರಿನಲ್ಲಿ ಬಿಲ್ ಇಲ್ಲ.

ಇಲ್ಲೇ ನನ್ನ ತಕರಾರು. ಗಂಟೆಗೆ ಎಷ್ಟು ಮಾರಿದೆ, ಬಿಲ್ಲಿಗೆ ಎಷ್ಟು ಸಾಮಾನು, ಎಷ್ಟು ಜನರನ್ನು ಸದಸ್ಯರನ್ನಾಗಿ ಮಾಡಿದೆ, ಇಷ್ಟೇ ಲೆಕ್ಕ. ಹೊಸ ಜಾಕೆಟ್ ಸುಮ್ನೆ ಮಾರಿಬಿಟ್ಟವನು ಆ ದಿನ ಒಳ್ಳೆಯ ಕೆಲಸಗಾರ, ಹಳೆಯದೇ ಸಾಕು ಎಂದವನು ಸೋಮಾರಿ. ಪಾರ್ಟ್ ಟೈಮ್‌ನವರಿಗೆ ಈ ಲೆಕ್ಕ ಜಾಸ್ತಿ ಚುಚ್ಚುತ್ತದೆ, ಏಕೆಂದರೆ ಮುಂದಿನ ವಾರ ಎಷ್ಟು ಗಂಟೆ ಕೆಲಸ ಸಿಗುತ್ತದೆ ಎನ್ನುವುದೂ ಅದಕ್ಕೇ ತಗುಲಿಕೊಂಡಿರುತ್ತದೆ. ಸೀಸನ್ನಿನಲ್ಲಿ ಉಸಿರಾಡಲೂ ಬಿಡುವಿಲ್ಲ. ಸೀಸನ್ ಮುಗಿಯಿತೋ, ಶಿಫ್ಟ್ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ಆ ಪಟ್ಟಿಯೂ ಕೊನೆ ಗಳಿಗೆಯಲ್ಲಿ ಬರುತ್ತದೆ. ಓದುವವರು, ಇನ್ನೊಂದು ಕೆಲಸ ಇರುವವರು, ಮನೆಯಲ್ಲಿ ಮಗು ಇರುವವರು ಏನು ಮಾಡಬೇಕು?

ಇದು ಒಂದು ಅಂಗಡಿಯ ಕಥೆಯಲ್ಲ. ಅಮೆರಿಕದ ಆರ್‌ಇಐ 1938ರಲ್ಲಿ ಬೆಟ್ಟ ಹತ್ತುವವರೇ ಸೇರಿ ಕಟ್ಟಿಕೊಂಡ, ಇಂಥದೇ ಸಾಮಾನು ಮಾರುವ ಸಹಕಾರಿ ಸಂಸ್ಥೆ. ಅಲ್ಲೂ 2022ರಲ್ಲಿ ನ್ಯೂಯಾರ್ಕಿನ ಒಂದು ಮಳಿಗೆಯ ಕೆಲಸಗಾರರು 88ಕ್ಕೆ 14 ಮತದಿಂದ ಯೂನಿಯನ್ ಬೇಕೆಂದರು. ಆ ಸಂಸ್ಥೆಯಲ್ಲಿ ಯೂನಿಯನ್ ಸೇರಿದ ಮೊದಲ ಮಳಿಗೆ ಅದು. ಅದೇ ದೇಶದ ಸಿಯಾಟಲ್ ನಗರದಲ್ಲಿ 2017ರಿಂದ ಒಂದು ಕಾನೂನಿದೆ. ದೊಡ್ಡ ಚಿಲ್ಲರೆ ಕಂಪನಿಗಳು ಶಿಫ್ಟ್ ಪಟ್ಟಿಯನ್ನು 14 ದಿನ ಮುಂಚೆ ಕೊಡಬೇಕು. ಅಂಗಡಿಗಳೇನೂ ಮುಚ್ಚಿಹೋಗಲಿಲ್ಲ. ಕಾನೂನು ಬರುವವರೆಗೆ ಕಾಯದೆ ಯಾವ ಮಾಲೀಕರು ಬೇಕಾದರೂ ಇದನ್ನು ಮಾಡಬಹುದು, ಒಂದು ಹಾಳೆ ಪ್ರಿಂಟ್ ತೆಗೆಯುವಷ್ಟೇ ಖರ್ಚು. ಜೊತೆಗೆ ವಾಪಸ್ ಬಂದ ಸಾಮಾನು ಎಷ್ಟು, ಕಾಲಿಗೆ ಬೊಕ್ಕೆ ಬಂತೆಂದು ಹಿಂದಿರುಗಿಸಿದ ಬೂಟು ಎಷ್ಟು ಎನ್ನುವುದನ್ನೂ ಮಾರಾಟದ ಪಕ್ಕದಲ್ಲಿ ಬರೆದಿಟ್ಟರೆ ಯಾರು ಒಳ್ಳೆಯ ಕೆಲಸಗಾರ ಎಂದು ಅವರಿಗೇ ಗೊತ್ತಾಗುತ್ತದೆ.

ಗಿರಾಕಿಗಳಿಗೂ ಒಂದು ಮಾತು. ಬೂಟು ಕೊಳ್ಳುವುದಿದ್ದರೆ ಸಂಜೆ ಬನ್ನಿ, ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ತನ್ನಿ. ಬಾಗಿಲು ಹಾಕುವ ಹೊತ್ತಿಗೆ ಮಾತ್ರ ದಯವಿಟ್ಟು ಬೇಡ.

– ಒಬ್ಬ ಪಾರ್ಟ್ ಟೈಮ್ ಕೆಲಸಗಾರ